ಕೂಸಿನ ಮೈಬೆಳಕು

ಮನುಷ್ಯನ ಮೈಯಿಂದ ಬೆಳಕು ಬರುತ್ತದೆ. ಬೀಳಗಿಯ ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಗೆ ಇದನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಪಠ್ಯದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ, ಅದಕ್ಕೇ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ದೇವರ ಪಟದಲ್ಲಿ ತಲೆಯ ಹಿಂದೆ ಬರೆಯುವ ಪ್ರಭಾವಳಿಯಲ್ಲ ಅದು. ನಮ್ಮ ಜೀವಕೋಶಗಳು ಆಮ್ಲಜನಕ ಬಳಸಿಕೊಂಡು ತಮ್ಮ ದಿನದ ಕೆಲಸ ಮಾಡುವಾಗ ಒಂದಿಷ್ಟು ಬೆಳಕು ಸೋರಿಹೋಗುತ್ತದೆ, ಅಷ್ಟೇ. ಕಣ್ಣು ಹಿಡಿಯಬಲ್ಲ ಬೆಳಕಿಗಿಂತ ಅದು ಸಾವಿರ ಪಟ್ಟು ಮಂದ. ಒಂದು ಕಿರಣವೂ ಒಳಗೆ ಬಾರದ ಕೋಣೆಯಲ್ಲಿ ಮನುಷ್ಯನನ್ನು ಕೂರಿಸಿ, ಬಹಳ ಸೂಕ್ಷ್ಮವಾದ ಕ್ಯಾಮೆರಾ ಇಟ್ಟು ಬಹಳ ಹೊತ್ತು ಕಾದರೆ ಹಣೆ, ಕೆನ್ನೆ, ತುಟಿ ಮಸುಕಾಗಿ ಮೂಡುತ್ತವೆ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ಕಾಣದ ಮೇಲೆ ಅದು ಇದ್ದೇನು ಉಪಯೋಗ ಎಂದು ಕೇಳಿದಳು. ನಾನು ಗದರಿಸಿ ಕೂರಿಸಿದೆ. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತಿನ ಸಿಟ್ಟಿಗೆ ಕಾರಣವೆಂದರೆ ಉತ್ತರ ನನಗೇ ಗೊತ್ತಿರಲಿಲ್ಲ.

ಇಂಥ ಪಾಠ ಹೇಳುವ ನಾನು, ಆ ಬೆಳಕನ್ನು ನನ್ನ ಕಣ್ಣಿನಿಂದಲೇ ಕಂಡೆನೆಂದು ಕೆಲವು ದಿನ ನಂಬಿದ್ದೆ. ನಗುವವರು ನಗಲಿ. ಅದರ ಬೆಲೆ ತೆತ್ತವರು ಬೇರೆಯವರು.

ನನ್ನ ಮಗಳು ಹುಟ್ಟಿದ್ದು ಚಳಿಗಾಲದಲ್ಲಿ. ಈಗ ಅವಳಿಗೆ ಒಂಬತ್ತು ವರ್ಷ. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ಮಾತು. ಜಮಖಂಡಿಯ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಎರಡನೆಯ ದಿನ ಸಂಜೆ ಅವ್ವ ನನ್ನನ್ನೂ ಕೂಸನ್ನೂ ರಬಕವಿಗೆ ಕರೆತಂದಳು. ಹೊರಡುವಾಗ ನರ್ಸು ನನ್ನನ್ನೇ ಕರೆದು ಎರಡು ಮಾತು ಹೇಳಿದ್ದರು. ದಿನಾ ಬೆಳಿಗ್ಗೆ ಕೂಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು. ಹಾಲು ಕುಡಿಯುವುದು ಕಡಿಮೆ ಮಾಡಿದರೆ ಕೂಡಲೇ ಕರೆತರಬೇಕು. ನಾನು ತಲೆಯಾಡಿಸಿದ್ದೆ. ವಿಜ್ಞಾನದ ಟೀಚರ್ ನಾನು, ನನಗೇ ಹೇಳುತ್ತಾರಲ್ಲ ಎಂದು ಒಳಗೊಳಗೇ ಕೊಂಚ ಮುನಿಸೂ ಬಂದಿತ್ತು.

ರಬಕವಿಯ ನಮ್ಮ ಮನೆಯಲ್ಲಿ ಮುಂದೆ ಅಪ್ಪನ ಕರೆಂಟಿನ ಮಗ್ಗಗಳು, ಹಿಂದೆ ನಾವು. ನಡುವಿನ ಒಂದು ಕೋಣೆಯಲ್ಲಿ ನೇಯ್ದ ಸೀರೆಗಳ ಗಂಟು ಇಡುತ್ತಿದ್ದರು. ಅದೇ ನನ್ನ ಬಾಣಂತಿ ಕೋಣೆಯಾಯಿತು. ಒಂದೇ ಕಿಟಕಿ, ಅದರ ಮೇಲೆ ಅವ್ವ ಎರಡು ಕೌದಿ ಹೊಡೆದಿದ್ದಳು, ಅಂಚಿಗೆಲ್ಲ ಮೊಳೆ ಹಾಕಿ. ಬಾಗಿಲಿಗೆ ದಪ್ಪ ಪರದೆ. ನಾನು ಮಲಗುವ ಹೊರಸಿನ ಕೆಳಗೆ ಶೇಗಡಿಯಲ್ಲಿ ಬೂದಿ ಮುಚ್ಚಿದ ಕೆಂಡ, ಮೂಲೆಯಲ್ಲಿ ಬಟ್ಟೆ ಬದಲಾಯಿಸುವಾಗ ಮಾತ್ರ ಹಚ್ಚುವ ಎಣ್ಣೆಯ ದೀಪ. ನನ್ನ ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಕಟ್ಟಿದರು. ಬಾಣಂತಿಯ ಕಣ್ಣಿಗೆ ಕೆಟ್ಟದ್ದು ಎಂದು ಮೊಬೈಲನ್ನೂ ಇಸಿದುಕೊಂಡರು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಗಾಳಿ, ಬೆಳಕು, ಹೊರಗಿನವರ ಕಣ್ಣು ಮೂರೂ ನಿಷಿದ್ಧ.

ನಾನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಮೊದಲ ದಿನವೇ ನರ್ಸು ಹೇಳಿದ್ದನ್ನು ಹೇಳಿ, ಕಿಟಕಿ ತೆರೆಯದಿದ್ದರೆ ಈಗಲೇ ಮುಧೋಳಕ್ಕೆ, ಗಂಡನ ಮನೆಗೆ ಹೋಗುತ್ತೇನೆ ಎಂದು ಕೂಗಾಡಿದೆ. ಅವ್ವ ವಾದ ಮಾಡಲಿಲ್ಲ, ಹೊರಸಿನ ಅಂಚಿಗೆ ಕುಳಿತು ಅತ್ತಳು. ನನಗಿಂತ ಮೊದಲು ಅವಳಿಗೊಂದು ಹೆಣ್ಣುಕೂಸು ಹುಟ್ಟಿ ಒಂಬತ್ತನೆಯ ದಿನ ಹೋಗಿತ್ತು. ಹಿಪ್ಪರಗಿಯ ಅವಳ ತವರಿನಲ್ಲಿ ಇಂಥದ್ದೇ ಕೋಣೆ. ಅವಳು ಒಂದು ಮಧ್ಯಾಹ್ನ ಎದ್ದು ಬಾಗಿಲು ತೆರೆದಿದ್ದಳಂತೆ. ಗಾಳಿ ಹೊಕ್ಕಿತು, ಕೂಸು ಉಳಿಯಲಿಲ್ಲ ಎಂದು ತವರಿನವರೂ ಗಂಡನ ಮನೆಯವರೂ ಒಂದೇ ಮಾತು ಆಡಿದರು. ಆ ಮಾತನ್ನು ಅವಳು ಅಷ್ಟು ವರ್ಷ ಹೊತ್ತುಕೊಂಡು ಬಂದಿದ್ದಳು. ಅದನ್ನು ಕೇಳಿದ ಮೇಲೆ ನಾನು ಕಿಟಕಿಯ ಮಾತು ಬಿಟ್ಟೆ. ಕೌದಿ ಹಾಗೇ ಇತ್ತು, ನಾನು ಅದರ ಈಚೆಗೆ ಮಲಗಿದೆ.

ಅಂಥ ಕತ್ತಲಲ್ಲಿ ದಿನ ಹೇಗೆ ಕಳೆಯುತ್ತದೆಂಬುದು ಮಲಗಿದವರಿಗೇ ಗೊತ್ತು. ಮಗ್ಗದ ಸಪ್ಪಳ ಶುರುವಾದರೆ ಬೆಳಗಾಯಿತು, ನಿಂತರೆ ಊಟದ ಹೊತ್ತು, ಮತ್ತೆ ಶುರುವಾದರೆ ಮಧ್ಯಾಹ್ನ. ಗೋಡೆ, ಹೊರಸು, ನನ್ನ ಹಲ್ಲು ಎಲ್ಲ ಆ ಸಪ್ಪಳಕ್ಕೆ ನಡುಗುತ್ತಿದ್ದವು. ಅಂಟಿನ ಉಂಡಿ, ಅಳವಿ ಪಾಯಸ, ಬಿಸಿನೀರು. ಮತ್ತೆ ಅಂಟಿನ ಉಂಡಿ. ಲೋಬಾನದ ಹೊಗೆಗೆ ಕೆಮ್ಮು. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಒಂದು ಕಣ್ಣುಸನ್ನೆಯಲ್ಲಿ ಸುಮ್ಮನಾಗಿಸುವ ನಾನು ಇಲ್ಲಿ ಬಚ್ಚಲಿಗೆ ಹೋಗಲೂ ಅವ್ವನನ್ನು ಕೂಗಬೇಕಿತ್ತು. ಬೆಳಿಗ್ಗೆ ಎರೆಯುವ ಆಯಿ ಬಂದು ಕೂಸನ್ನು ಎತ್ತಿಕೊಂಡು ಹೋಗಿ, ಬಚ್ಚಲಿನ ಹಬೆಯಲ್ಲಿ ಎಣ್ಣೆ ಅರಿಷಿಣ ತಿಕ್ಕಿ, ಬಿಸಿನೀರು ಎರೆದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತಂದು ನನ್ನ ಪಕ್ಕ ಇಡುತ್ತಿದ್ದಳು. ಕೂಸಿನ ತೂಕ ನನ್ನ ತೋಳಿಗೆ ಗೊತ್ತಿತ್ತು, ಬಾಯಿ ನನ್ನ ಎದೆಗೆ ಗೊತ್ತಿತ್ತು. ಮುಖ ಮಾತ್ರ ಸರಿಯಾಗಿ ನೋಡಿದ್ದು ಆಸ್ಪತ್ರೆಯಲ್ಲಷ್ಟೇ.

ನಾಲ್ಕನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಾಗ ಕೂಸಿನ ಮುಖ ಇರಬೇಕಾದಲ್ಲಿ ಏನೋ ತಿಳಿಯಾಗಿ ಕಂಡಿತು. ಹಾಲಿನ ಕೆನೆಯಷ್ಟು ಮಬ್ಬು. ಕಣ್ಣು ಮುಚ್ಚಿ ತೆರೆದೆ, ಮತ್ತೆ ಇತ್ತು. ವಿಜ್ಞಾನಿಗಳು ಸಾಹಸಪಟ್ಟು ಕಟ್ಟುವ ಕತ್ತಲ ಕೋಣೆಯನ್ನು ನಮ್ಮವ್ವ ಎರಡು ಕೌದಿ, ಒಂದು ಹಿಡಿ ಮೊಳೆಯಲ್ಲಿ ಕಟ್ಟಿದ್ದಳು. ಎರಡು ದಿನದಿಂದ ಹಗಲನ್ನೇ ನೋಡದ ಕಣ್ಣಿಗೆ, ಹಡೆದ ತಾಯಿಯ ಕಣ್ಣಿಗೆ, ಬೇರೆಯವರಿಗೆ ಕಾಣದ್ದು ಕಂಡಿರಬಹುದಲ್ಲ? ಸಾವಿರ ಪಟ್ಟು ಮಂದ ಎಂದು ಬೋರ್ಡಿನ ಮೇಲೆ ಬರೆದ ಕೈ ನನ್ನದೇ. ಆದರೂ ನಂಬಿದೆ. ಅಲ್ಲಿ ನನಗೆಂದು ಇದ್ದದ್ದು ಅದೊಂದೇ.

ಅಲ್ಲಿಂದ ಮುಂದೆ ಕತ್ತಲೆ ನನಗೆ ಬೇಕಾಯಿತು. ಅವ್ವ ದೀಪ ಹಚ್ಚಿದರೆ ಸಿಡುಕುತ್ತಿದ್ದೆ, ಪರದೆ ಸರಿದರೆ ಮುಖ ತಿರುಗಿಸುತ್ತಿದ್ದೆ. ಕೂಸು ಅಳುವುದು ಕಡಿಮೆಯಾಗಿತ್ತು. ಎರಡು ಗುಟುಕು ಕುಡಿದು ನಿದ್ದೆ ಹೋಗುತ್ತಿತ್ತು. ನೋಡಲು ಬಂದು ಪರದೆಯ ಆಚೆಯೇ ಕುಳಿತ ನೆರೆಯ ಹೆಂಗಸರು ಕೂಸು ಭಾಳ ಶಾಣೆ ಎಂದು ಹೊಗಳಿದರು. ಎರೆಯುವ ಆಯಿಯಂತೂ ಈ ಕೂಸಿನ ಮೈಗೆ ಅರಿಷಿಣ ಎಷ್ಟು ಚೆಂದ ಹಿಡಿಯುತ್ತದೆ, ಎಷ್ಟು ನೀರು ಹಾಕಿದರೂ ಹೋಗುವುದೇ ಇಲ್ಲ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಐದನೆಯ ದಿನ ಅವ್ವ ಊಟದ ತಾಟು ಇಟ್ಟು ಹೋಗದೆ ಅಲ್ಲೇ ನಿಂತಳು. ಕೂಸಿನ ಎದೆಯ ಮೇಲೆ ಕೈಯಿಟ್ಟು ನೋಡಿದಳು.

"ಯವ್ವಾ, ಇದು ಅಳವಲ್ದು. ಕೌದಿ ಒಂದೀಟ ಸರಸ್ತೇನಿ, ಮುಖಾ ನೋಡೂಣು."

ಅವಳ ದನಿಯಲ್ಲಿ ಏನಿತ್ತೆಂದು ಆಗ ನಾನು ಕೇಳಿಸಿಕೊಳ್ಳಲಿಲ್ಲ. ಗಾಳಿಗೆ ಅಷ್ಟು ಹೆದರುವವಳು ತಾನಾಗಿ ಕಿಟಕಿಯ ಮಾತೆತ್ತಿದ್ದಾಳೆಂಬುದೂ ಹೊಳೆಯಲಿಲ್ಲ. ಬೆಳಕು ಒಳಬಂದರೆ ನನ್ನ ಬೆಳಕು ಹೋಗುತ್ತದೆ ಎಂದಷ್ಟೇ ಅನಿಸಿತು.

"ಬ್ಯಾಡ ಬಿಡು ಬೇ. ಅದರ ಮೈಬೆಳಕ ನನಗ ಕಾಣಾಕತ್ತೈತಿ. ಆರಾಮ ಐತಿ ಅದು."

ಅವ್ವನಿಗೆ ಮೈಬೆಳಕಿನ ಪಾಠವನ್ನೂ ಹೇಳಿದೆ. ಕ್ಯಾಮೆರಾ, ಕತ್ತಲ ಕೋಣೆ, ಜೀವಕೋಶ ಎಲ್ಲ. ಪ್ರತಿಯೊಂದು ಜೀವದ ಮೈಯಲ್ಲೂ ಇರುತ್ತದೆ ಎಂದೆ. ಅವಳು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಬಿ.ಎಸ್ಸಿ., ಬಿ.ಎಡ್. ಮಾಡಿದ ಮಗಳು ಹೇಳಿದ ಮೇಲೆ ತಾನೇನು ಹೇಳುವುದು ಎಂದುಕೊಂಡಳೇನೋ, ತಿರುಗಿ ಹೋದಳು. ಹೋಗುವಾಗ ಪರದೆಯನ್ನು ಸರಿಯಾಗಿ ಎಳೆದು ಮುಚ್ಚಿದಳು.

ಏಳನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ನನಗೆ ನನ್ನ ಉಸಿರು ಮಾತ್ರ ಕೇಳಿಸಿತು. ಕೂಸಿನದು ಕೇಳಿಸಲಿಲ್ಲ. ಕಿವಿಯ ಹತ್ತಿ ಕಿತ್ತೆಸೆದು ಬಗ್ಗಿದೆ. ಉಸಿರಿತ್ತು, ತೀರಾ ಸಣ್ಣದಾಗಿ. ತುಟಿಗೆ ಮೊಲೆ ಇಟ್ಟರೆ ಬಾಯಿ ತೆರೆಯಲಿಲ್ಲ. ಮುಖದ ಮೇಲೆ ಆ ತಿಳಿ ಮಾತ್ರ ಹಾಗೆಯೇ ಇತ್ತು. ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಹೊರಟೆ, ಅಷ್ಟರಲ್ಲಿ ಇಷ್ಟು ದಿನ ನನ್ನೊಳಗೆ ಮಲಗಿದ್ದ ಟೀಚರ್ ಎಚ್ಚರಾದಳು. ಪ್ರಯೋಗ ಮಾಡದೆ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇನಲ್ಲ. ಬೆಳಕು ಕೂಸಿನದೇ ಆದರೆ ಅಡ್ಡ ಹಿಡಿದರೆ ಮರೆಯಾಗಬೇಕು. ಅಂಗೈಯನ್ನು ಕೂಸಿನ ಮುಖದ ಮೇಲೆ ಅಡ್ಡ ಹಿಡಿದೆ.

ಬೆಳಕು ಹೋಗಲಿಲ್ಲ. ಕೈಯ ಮೇಲೆಯೇ ಕಂಡಿತು. ಗೋಡೆ ಕಡೆ ತಿರುಗಿದೆ, ಗೋಡೆಯ ಮೇಲಿತ್ತು. ಕಣ್ಣು ಮುಚ್ಚಿದೆ, ರೆಪ್ಪೆಯ ಒಳಗೂ ಇತ್ತು. ಅದು ನನ್ನ ಕಣ್ಣಿನ ಆಟ, ಕತ್ತಲಲ್ಲಿ ಬಹಳ ದಿನ ಇಟ್ಟರೆ ಕಣ್ಣು ತಾನೇ ಹುಟ್ಟಿಸಿಕೊಳ್ಳುವ ಮಬ್ಬು. ಅಂದರೆ ನಾನು ಇಷ್ಟು ದಿನ ನನ್ನ ಮಗಳ ಮುಖವನ್ನು ನೋಡಿಯೇ ಇರಲಿಲ್ಲ.

ಎದ್ದು ಕೌದಿಗೆ ಕೈ ಹಾಕಿದೆ. ಮೊಳೆ ಬಿಡಲಿಲ್ಲ. ಕಿಬ್ಬೊಟ್ಟೆ ಕೊಯ್ದಂತೆ ನೋಯುತ್ತಿತ್ತು, ಆದರೂ ಎರಡೂ ಕೈಯಿಂದ ಜೋತುಬಿದ್ದು ಎಳೆದೆ. ಸಪ್ಪಳ ಕೇಳಿ ಓಡಿಬಂದ ಅವ್ವ ನನ್ನ ಮಣಿಕಟ್ಟು ಹಿಡಿದಳು. ಒಂದು ಗಳಿಗೆ ತಾಯಿ ಮಗಳು ಅಲ್ಲಿ ನಿಜವಾಗಿಯೂ ಹೊಡೆದಾಡಿದೆವು. ಅಷ್ಟರಲ್ಲಿ ಹಳೆಯ ಬಟ್ಟೆ ಪರ್ರನೆ ಹರಿದು ಬಿಸಿಲು ಹೊರಸಿನ ಮೇಲೆ ಬಿತ್ತು.

ಕೂಸು ಹಳದಿಯಾಗಿತ್ತು. ಮುಖ, ಎದೆ, ಅಂಗಾಲು, ಎಲ್ಲ.

ಅವ್ವ ಅದು ಅರಿಷಿಣ ಎಂದಳು. ನಾನು ಸೆರಗನ್ನು ನೀರಲ್ಲಿ ಅದ್ದಿ ಕೆನ್ನೆ ಉಜ್ಜಿದೆ. ಸೆರಗಿಗೆ ಏನೂ ಹತ್ತಲಿಲ್ಲ. ಎದೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ, ಒತ್ತಿದ ಜಾಗವೂ ಹಳದಿ. ಕೊನೆಗೆ ಕೂಸಿನ ರೆಪ್ಪೆ ಮೇಲೆತ್ತಿ ಅವ್ವನಿಗೆ ತೋರಿಸಿದೆ.

"ಕಣ್ಣೊಳಗ ಯಾರರೆ ಅರಿಷಿಣ ಹಚ್ಚತಾರೇನ ಬೇ?"

ಅವ್ವ ಕಾಮಣಿ ಎಂದು ಒಂದೇ ಮಾತು ಅಂದಳು. ಆಮೇಲೆ ನನಗಿಂತ ಮೊದಲು ಕೂಸನ್ನು ಎತ್ತಿಕೊಂಡು, ಚಪ್ಪಲಿ ಕೂಡ ಮೆಟ್ಟದೆ ರಸ್ತೆಗೆ ಓಡಿದಳು.

ಎದುರುಮನೆಯವರ ಕಾರು ಸಿಕ್ಕಿತು. ಕಬ್ಬಿನ ಹಂಗಾಮು, ಜಮಖಂಡಿ ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಅವುಗಳ ಸ್ಪೀಕರಿನ ಹಾಡು. ಒಂದನ್ನು ದಾಟಿದರೆ ಮುಂದೆ ಮತ್ತೊಂದು. ಹಿಂದಿನ ಸೀಟಿನಲ್ಲಿ ಕುಳಿತು ಅವ್ವ ದಾರಿಯುದ್ದಕ್ಕೂ ಕೂಸಿನ ಮುಖವನ್ನು ಕಾರಿನ ಕಿಟಕಿಯ ಬಿಸಿಲಿಗೆ ಹಿಡಿದುಕೊಂಡಿದ್ದಳು, ತಡವಾಗಿದ್ದನ್ನು ಅಷ್ಟರಲ್ಲೇ ತುಂಬಿಕೊಡುವವಳ ಹಾಗೆ.

ಮಕ್ಕಳ ದವಾಖಾನೆಯ ಡಾಕ್ಟರು ರಕ್ತ ತೆಗೆಸಿದರು, ಇನ್ನೊಂದು ದಿನ ತಡೆದಿದ್ದರೆ ಕಾಮಾಲೆ ಮಿದುಳಿಗೆ ಏರುತ್ತಿತ್ತು ಎಂದರು. ಅಷ್ಟು ಹೊತ್ತಿಗೆ ನನ್ನ ಗಂಡನೂ ಅತ್ತೆಯೂ ಮುಧೋಳದಿಂದ ಬಂದು ನಿಂತಿದ್ದರು. ಇಷ್ಟು ಹಳದಿಯಾಗುವ ತನಕ ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಡಾಕ್ಟರು ಕೇಳಿದರು. ನನ್ನನ್ನೇ ನೋಡುತ್ತ ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅವ್ವ ಮುಂದೆ ಬಂದಳು.

"ನಾನ ಕತ್ತಲದಾಗ ಇಟ್ಟಿದ್ದೇರಿ. ಅಕಿ ಕಿಟಕಿ ತೆಗಿ ಅಂತ ಮೊದಲನೇ ದಿನಾನ ಜಗಳಾಡಿದ್ಲು."

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಐದನೆಯ ದಿನದ ಮಾತು ಹೇಳಬೇಕಾದವಳು ನಾನು. ಹೇಳಲಿಲ್ಲ. ಗಂಡ ನನ್ನ ಹೆಗಲ ಮೇಲೆ ಕೈಯಿಟ್ಟರು, ಅತ್ತೆ ಅವ್ವನ ಕಡೆ ನೋಡಿದ ನೋಟ ಹಾಗೇ ಉಳಿಯಿತು. ನಾನು ಹೇಡಿ. ಇದಕ್ಕಿಂತ ಒಳ್ಳೆಯ ಶಬ್ದ ಹುಡುಕಿದ್ದೇನೆ, ಸಿಕ್ಕಿಲ್ಲ.

ಕೂಸನ್ನು ಬಟ್ಟೆ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪಗಳ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಔಷಧವೇ ಬೆಳಕು. ಮೂರು ದಿನ ಅವ್ವ ಗಾಜಿನಾಚೆ ನಿಂತಿದ್ದಳು, ನಾನು ಕುರ್ಚಿಯಲ್ಲಿ ಕುಳಿತಿದ್ದೆ. ಇಬ್ಬರೂ ಆ ವಿಷಯ ಆಡಲಿಲ್ಲ. ನಾಲ್ಕನೆಯ ದಿನ ಕೂಸು ಗಂಟಲು ಹರಿಯುವಂತೆ ಅತ್ತಿತು. ಅಷ್ಟು ಚೆಂದದ ಸದ್ದು ನಾನು ಇನ್ನೂ ಕೇಳಿಲ್ಲ. ಅಲ್ಲಿಂದಲೇ ನನ್ನನ್ನೂ ಕೂಸನ್ನೂ ಮುಧೋಳಕ್ಕೆ ಕರೆದೊಯ್ದರು. ಉಳಿದ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ತಾಯಿಯ ಕೈಯಿಂದ ಬಾಣಂತಿಯನ್ನು ಕಸಿದುಕೊಂಡು ಹೋಗುವುದೆಂದರೆ ನಮ್ಮ ಕಡೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಥೆ ಮುಧೋಳದಲ್ಲಿ ಬೇರು ಬಿಟ್ಟಿತು. ಬೀಗತಿ ಕೂಸನ್ನು ಕತ್ತಲಲ್ಲಿಟ್ಟು ಕೊಲ್ಲುತ್ತಿದ್ದಳು, ಸೊಸೆ ಓದಿದವಳು, ಕೌದಿ ಹರಿದು ಉಳಿಸಿಕೊಂಡಳು ಎಂದು ಅತ್ತೆ ಪ್ರತಿ ಹಬ್ಬಕ್ಕೆ, ಪ್ರತಿ ಮದುವೆಯ ಪಂಕ್ತಿಯಲ್ಲಿ ಹೇಳುತ್ತಿದ್ದರು. ನಾನು ಆ ಕಥೆಯ ನಾಯಕಿ. ಎದ್ದು ಹೋಗಲೂ ಆಗದೆ, ಕೂತು ಕೇಳಲೂ ಆಗದೆ ಎಷ್ಟು ಊಟ ಎಲೆಯಲ್ಲೇ ಬಿಟ್ಟಿದ್ದೇನೋ ಲೆಕ್ಕವಿಲ್ಲ. ಮೊದಲ ಸಲ ಸುಮ್ಮನಿದ್ದದ್ದಕ್ಕೆ ಎರಡನೆಯ ಸಲವೂ ಸುಮ್ಮನಿರಬೇಕಾಯಿತು. ಆಮೇಲೆ ವರ್ಷ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ರಬಕವಿಯ ಕೋಣೆಯಿಂದ ಏಳನೆಯ ದಿನವೇ ಹೊರಬಿದ್ದೆ, ಈ ಕಥೆಯಿಂದ ಒಂಬತ್ತು ವರ್ಷವಾದರೂ ಹೊರಬರಲಾಗಲಿಲ್ಲ.

ಈ ವರ್ಷ ನನ್ನ ಬಸುರಿ ತಂಗಿಗೆ ಏಳು ತಿಂಗಳಾಯಿತು, ರಬಕವಿಯಲ್ಲಿ ಕುಬಸದ, ಅಂದರೆ ಸೀಮಂತದ ಕಾರ್ಯ ಇಟ್ಟುಕೊಂಡರು. ಹಸಿರು ಬಳೆ, ಹಸಿರು ಸೀರೆ, ಉಡಿ ತುಂಬ ಹಣ್ಣು. ಆರತಿಯಾಗಿ ಹೆಂಗಸರು ಊಟಕ್ಕೆ ಕುಳಿತಾಗ ಬಾಣಂತನದ ಮಾತು ಬಂತು. ಜಮಖಂಡಿಯಿಂದ ಬಂದಿದ್ದ ತಂಗಿಯ ಅತ್ತೆ ಬಹಳ ನಯವಾಗಿಯೇ, ಹೆರಿಗೆ ಬಾಣಂತನ ಎರಡೂ ತಮ್ಮಲ್ಲೇ ಆಗಲಿ ಎಂದರು. ನನ್ನ ಅತ್ತೆ ಅದೇ ಒಳ್ಳೆಯದು ಎಂದು ಶುರು ಮಾಡಿದರು, ಕೌದಿಯಿಂದ. ಅವ್ವ ಹೋಳಿಗೆ ಬಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಬೀಗರ ಮನೆಯಲ್ಲೇ ಆಗಲಿ, ತನ್ನ ಕೈ ಈಗ ಮೊದಲಿನಂತಿಲ್ಲ ಎಂದಳು. ತಂಗಿ ತಲೆ ತಗ್ಗಿಸಿ ಅಳತೊಡಗಿದಳು. ಅವಳಿಗೆ ಅವ್ವನ ಹತ್ತಿರವೇ ಇರಬೇಕೆಂಬ ಆಸೆ, ನನಗೆ ಫೋನಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದಳು.

ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ.

"ಐದನೇ ದಿನ ಕಿಟಕಿ ತೆಗಿತೇನಿ ಅಂದಾಕಿ ನಮ್ಮವ್ವ. ಬ್ಯಾಡ ಅಂದಾಕಿ ನಾನು. ಕೂಸು ಹಳದಿ ಆಗಿದ್ದು ನನ್ನ ಮಬ್ಬಿನಾಗ."

ಮೈಬೆಳಕಿನ ಕಥೆಯನ್ನೂ ಹೇಳಿದೆ, ನನ್ನ ಮೂರ್ಖತನ ಸಹಿತ. ಅತ್ತೆ ನೀರು ಕುಡಿದರು. ನನ್ನ ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಮಂದಿ ಹೋದ ಮೇಲೆ ಅವ್ವನನ್ನು ಹುಡುಕಿದೆ. ಅವಳು ಆ ಕೋಣೆಯಲ್ಲಿ ಸೀರೆಯ ಗಂಟಿನ ಮೇಲೆ ಕುಳಿತಿದ್ದಳು. ಕಿಟಕಿಗೆ ಈಗ ಕೌದಿಯಿಲ್ಲ, ಮೊಳೆಯ ತೂತು ಮಾತ್ರ ಇವೆ. ಸಂಜೆಯ ಬಿಸಿಲು ಅವಳ ಕಾಲ ಮೇಲಿತ್ತು. ಕ್ಷಮಿಸು ಎಂದು ಹೇಳಲು ಹೋದೆ. ಅವಳು ಅದನ್ನು ಕೇಳುವ ಗೊಡವೆಗೇ ಹೋಗಲಿಲ್ಲ. ಅಷ್ಟು ವರ್ಷ ಮಂದಿಯ ಮಾತನ್ನು ತಾನು ಹೊತ್ತದ್ದು ನನ್ನ ಮಗಳ ಸಲುವಾಗಿ ಅಲ್ಲ ಎಂದಳು. ನನಗೆ ಅರ್ಥವಾಗಲಿಲ್ಲ.

"ಹಿಪ್ಪರಗ್ಯಾಗ ನನ್ನ ಮೊದಲನೇ ಕೂಸು," ಅಂದಳು. "ಅದೂ ಎರಡ ದಿನದಿಂದ ಅತ್ತಿದ್ದಿಲ್ಲ. ಮುಖಾ ನೋಡೂಣಂತ ಬಾಗಲಾ ತೆರದಿದ್ದೆ."

ನೋಡಿದೆಯಾ ಎಂದು ಕೇಳಿದೆ.

"ಎಲ್ಲಿ ನೋಡ್ಲಿ. ನಮ್ಮವ್ವ ಬಂದು ಮುಚ್ಚಿದ್ಲು. ನಿನ್ನ ಮಗಳ ಕಣ್ಣ ನೋಡಿದ ಮ್ಯಾಲ ನನಗ ತಿಳೀತು, ಅದರ ಕಣ್ಣೂ ಹಂಗ ಇದ್ದಿರಬೇಕು. ಕತ್ತಲದಾಗ ಇಟ್ಟಾಕಿ ಅಂತ ಮಂದಿ ಅಂದದ್ದು ಅದರ ಪಾಲಿಗೆ ಖರೆ ಐತಿ ಅಂತ ಕೇಳ್ಕೋತ ಬಂದೆ."

ಹೊರಗೆ ಮಗ್ಗ ನಿಂತಿದ್ದವು, ಕಾರ್ಯದ ದಿನವೆಂದು ಅಪ್ಪ ರಜೆ ಕೊಟ್ಟಿದ್ದ. ಅವ್ವ ಸೀರೆಗಂಟಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಕೇಳಿದಳು, ಆ ಮೈಬೆಳಕಿನ ಮಾತು ನಿಜವೋ, ಇಲ್ಲ ಅದೂ ನನ್ನ ಮಬ್ಬೋ ಎಂದು. ನಾನು ಕಂಡದ್ದು ಮಬ್ಬು, ಬೆಳಕು ಮಾತ್ರ ಖರೆ ಎಂದೆ.

"ಹಂಗಾರ ಆ ಕೂಸಿನ ಮೈಯಾಗೂ ಇತ್ತೇನ?"

"ಇತ್ತು ಬೇ," ಅಂದೆ. "ಒಂಬತ್ತ ದಿನಾನೂ ಇತ್ತು."